ಸೀಕೋ 5, ಟಿಸೋ ಪಿಆರ್‌ಎಕ್ಸ್: ಆರು ಪಟ್ಟು ಹೆಚ್ಚು ತೆತ್ತರೆ ಸಿಗುವುದೇನು?

ಎರಡೂ ಆಟೊಮ್ಯಾಟಿಕ್ ವಾಚುಗಳೇ. ಬ್ಯಾಟರಿಯ ಗೊಡವೆಯಿಲ್ಲ, ಕೈ ಆಡಿದಂತೆಲ್ಲ ಒಳಗಿನ ತೂಕದ ಬಿಲ್ಲೆ ತಿರುಗಿ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಸೀಕೋ 5 ಸಾಲಿನ ಎಸ್‌ಎನ್‌ಕೆ809 ಹತ್ತು ಸಾವಿರ ರೂಪಾಯಿಯೊಳಗೆ ಸಿಕ್ಕಿತ್ತು. ಈಗ ಅದರ ತಯಾರಿಕೆಯೇ ನಿಂತಿದೆ. ಟಿಸೋ ಪಿಆರ್‌ಎಕ್ಸ್ ಪವರ್‌ಮ್ಯಾಟಿಕ್ 80ಕ್ಕೆ ಅದರ ಆರು ಪಟ್ಟು ತೆತ್ತಿದ್ದೇನೆ. ಕೆಲವು ವರ್ಷಗಳಿಂದ ಎರಡನ್ನೂ ಸರದಿಯಲ್ಲಿ ಕಟ್ಟುತ್ತಿದ್ದೇನೆ.

ಕೈಯಲ್ಲಿರುವಷ್ಟು ಹೊತ್ತು ಎರಡಕ್ಕೂ ಅಷ್ಟೇನೂ ಅಂತರ ಕಾಣುವುದಿಲ್ಲ. ದುಬಾರಿ ವಾಚಿನ ಸೆಕೆಂಡಿನ ಮುಳ್ಳು ಹೆಚ್ಚು ನಯವಾಗಿ ಜಾರುತ್ತದೆ ಎಂದು ನಂಬಿದವರಿಗೆ ನಿರಾಶೆ ಕಾದಿದೆ: ಎರಡರ ಯಂತ್ರವೂ ಗಂಟೆಗೆ 21,600 ಬಡಿತದ್ದು, ಅಂದರೆ ಸೆಕೆಂಡಿಗೆ ಮುಳ್ಳಿನ ಆರು ಪುಟ್ಟ ಹೆಜ್ಜೆ. ಟಿಸೋದ ಯಂತ್ರಕ್ಕೆ ಮೂಲವಾದ, ಇಟಿಎ ಕಂಪನಿಯ 2824 ಎಂಬ ಯಂತ್ರ ಗಂಟೆಗೆ 28,800 ಬಡಿಯುತ್ತಿತ್ತು. ಓಟದ ಅವಧಿ ಹಿಗ್ಗಿಸಲೆಂದೇ ಬಡಿತ ತಗ್ಗಿಸಿದರು.

ವ್ಯತ್ಯಾಸ ತಿಳಿಯುವುದು ಬಿಚ್ಚಿಟ್ಟಾಗ. ಸೀಕೋ ಸುಮಾರು 40 ಗಂಟೆ ಓಡುತ್ತದೆ. ಶುಕ್ರವಾರ ಸಂಜೆ ಬಿಚ್ಚಿದರೆ ಭಾನುವಾರ ಮಧ್ಯಾಹ್ನದ ಊಟದ ವೇಳೆಗೆ ನಿಂತಿರುತ್ತದೆ. ಇದರ 7ಎಸ್26 ಯಂತ್ರಕ್ಕೆ ಕೀ ಕೊಡುವ ಸೌಲಭ್ಯವೂ ಇಲ್ಲ, ಅಲುಗಾಡಿಸಿ ಎಬ್ಬಿಸಬೇಕು. ಕ್ರೌನ್ (ಬದಿಯ ತಿರುಗುಗುಂಡಿ) ಎಳೆದರೂ ಸೆಕೆಂಡಿನ ಮುಳ್ಳು ನಿಲ್ಲದು, ಹಾಗಾಗಿ ಸೆಕೆಂಡಿಗೆ ಸರಿಯಾಗಿ ಹೊಂದಿಸುವ ಹಟ ಬಿಟ್ಟುಬಿಡಬೇಕು. ಮೇಲಾಗಿ ವಾರ, ತಾರೀಖು ಎರಡನ್ನೂ ಸರಿಪಡಿಸಬೇಕು, ಅದೂ ರಾತ್ರಿ ಒಂಬತ್ತರಿಂದ ಬೆಳಗಿನ ನಾಲ್ಕರವರೆಗಿನ ಸಮಯ ಬಿಟ್ಟು. ಟಿಸೋ 80 ಗಂಟೆಯದು. ಅದೇ ಶುಕ್ರವಾರ ಬಿಚ್ಚಿಟ್ಟರೂ ಸೋಮವಾರ ಬೆಳಿಗ್ಗೆ ಸುಮ್ಮನೆ ಕಟ್ಟಿಕೊಂಡು ಕಚೇರಿಗೆ ಹೊರಡಬಹುದು. ನನ್ನ ಪಾಲಿಗೆ ಹೆಚ್ಚುವರಿ ಹಣದ ದೊಡ್ಡ ಭಾಗ ಈ ಒಂದು ಸುಖಕ್ಕೇ ಸಂದಿದೆ.

ಉಳಿದದ್ದು ಗಾಜಿಗೆ ಮತ್ತು ನೀರಿಗೆ. ಟಿಸೋದ ನೀಲಮಣಿ ಗಾಜಿಗೆ ಸುಲಭಕ್ಕೆ ಗೀರು ಬೀಳುವುದಿಲ್ಲ, 100 ಮೀಟರ್ ನೀರಿನ ತಡೆಯೂ ಇದೆ. ಸೀಕೋದಲ್ಲಿ ಬರೆದಿರುವ 30 ಮೀಟರ್ ಕೈ ತೊಳೆಯುವಷ್ಟಕ್ಕೆ ಮಾತ್ರ. ಬೆಂಗಳೂರಿನ ಮಳೆಯಲ್ಲಿ ಸ್ಕೂಟರ್ ಓಡಿಸುವ ದಿನ ನಾನು ಅದನ್ನು ಕಟ್ಟುವುದಿಲ್ಲ.

ಆದರೆ ಪಟ್ಟಿಯ ವಿಚಾರದಲ್ಲಿ ಅಗ್ಗದ್ದೇ ಉದಾರಿ. 18 ಮಿಲಿಮೀಟರ್ ಅಗಲದ ಯಾವ ಪಟ್ಟಿಯಾದರೂ ಸೀಕೋಗೆ ಕೂರುತ್ತದೆ. ಟಿಸೋದ ಪಟ್ಟಿ ವಾಚಿನ ಮೈಗೇ ಬೆಸೆದ ವಿನ್ಯಾಸದ್ದು, ಅದಕ್ಕೆಂದೇ ಮಾಡಿದ್ದು ಬೇಕು. ಟಿಸೋದ ಅಗಲ 40 ಮಿಲಿಮೀಟರ್ ಅನ್ನುವುದು ಕಾಗದದ ಮೇಲಿನ ಲೆಕ್ಕ. ತೆಳ್ಳನೆಯ ಮಣಿಕಟ್ಟಿನವರಿಗೆ ಅದಕ್ಕಿಂತ ದೊಡ್ಡದೆನಿಸುತ್ತದೆ. 37 ಮಿಲಿಮೀಟರಿನ ಸೀಕೋ ಕಟ್ಟಿದ್ದೇ ಮರೆತುಹೋಗುವಷ್ಟು ಹಗುರ.

ರಿಪೇರಿಯ ಕಥೆಯೇ ಬೇರೆ. ಈ ದರದ ವಾಚು ದಿನಕ್ಕೆ ಹತ್ತಿಪ್ಪತ್ತು ಸೆಕೆಂಡು ಹಿಂದುಮುಂದಾಗುವುದು ಸಹಜ. ಸೀಕೋದ ಹಿಂಬದಿ ತೆರೆದು, ವೇಗ ಹೊಂದಿಸುವ ಪುಟ್ಟ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ ಸುಧಾರಿಸಿಕೊಟ್ಟವರು ನಮ್ಮ ಬೀದಿಯ ಹಳೆಯ ರಿಪೇರಿಯವರು. ಎಚ್‌ಎಂಟಿ ವಾಚುಗಳನ್ನು ಬಿಚ್ಚಿ ಕೂಡಿಸಿಯೇ ಕೈ ಪಳಗಿದವರು. ಟಿಸೋ ತೋರಿಸಿದರೆ, ಭೂತಗನ್ನಡಿ ಹಚ್ಚಿ ನೋಡಿ, "ಇದರಲ್ಲಿ ಆ ಕಡ್ಡಿಯೇ ಇಲ್ಲ ಸಾರ್, ಕಂಪನಿಗೇ ಕೊಡಿ" ಎಂದು ಹಿಂದಿರುಗಿಸಿದರು. ಅವರ ಮಾತು ನಿಜ. ಟಿಸೋದ ಪವರ್‌ಮ್ಯಾಟಿಕ್ 80 ಯಂತ್ರದ ವೇಗವನ್ನು ಹೊಂದಿಸುವ ಕ್ರಮವೇ ಬೇರೆ. ಟಿಸೋ ಕೊಳ್ಳುವವರು ಸರ್ವಿಸ್ ಖರ್ಚನ್ನೂ ಮೊದಲೇ ವಿಚಾರಿಸಿಕೊಳ್ಳಲಿ. ಸೀಕೋ 5 ಹಳೆಯದು ಸಿಕ್ಕಿದರೆ, ಡಯಲ್ ಮತ್ತು ಮುಳ್ಳುಗಳು ಅಸಲಿ ಎಂದು ಖಾತ್ರಿಯಾದ ಮೇಲೆ ಚೌಕಾಸಿಗೆ ಇಳಿಯಿರಿ.