ಎರಡು ವರ್ಷ ಬಳಸಿದ ಮೇಲೆ: ಬೆಳಕು ಛಲೋ, ನಾಬ್‌ದೇ ತಕರಾರು

ಮೊಬೈಲಿಗೆ ಸಿಕ್ಕಿಸಿ ಹಲ್ಲಿನ ಫೋಟೊ ತೆಗೆಯುವ ಲೈಟಿದು, ₹3,800 ಕೊಟ್ಟು ತರಿಸಿದ್ದೆ. ಕಲಬುರಗಿಯಲ್ಲಿ ನನ್ನದು ಒಂದೇ ಕುರ್ಚಿಯ ಕ್ಲಿನಿಕ್ಕು. ಕ್ಯಾಮೆರಾ, ರಿಂಗ್ ಫ್ಲ್ಯಾಶ್ ಅಂತ ಲಕ್ಷ ಸುರಿಯುವ ತಾಕತ್ತಿಲ್ಲ. ಕ್ಯಾಪು ಮಾಡುವ ಲ್ಯಾಬು ಹೈದರಾಬಾದಿನಲ್ಲಿ. ಹಲ್ಲಿನ ಬಣ್ಣಕ್ಕೆ ಕ್ಯಾಪು ಹೊಂದಿಸಲು ಅವರಿಗೆ ನನ್ನ ಫೋಟೊನೇ ಗತಿ.

ಮೊದಲು ಕಿಟಕಿ ಬೆಳಕನ್ನೇ ನಂಬಿದ್ದೆ. ಗಂಜ್ ಮಾರುಕಟ್ಟೆಯ ಬೇಳೆ ವ್ಯಾಪಾರಿಯೊಬ್ಬರು ಮುಂದಿನ ಹಲ್ಲಿಗೆ ಕ್ಯಾಪು ಹಾಕಿಸಿಕೊಂಡು ಹೋದವರು ಮರುದಿನವೇ ಬಂದರು: "ಡಾಕ್ಟ್ರೇ, ನಿಮ್ಮ ರೂಮಿನಾಗ ಛಲೋ ಕಾಣ್ತದ್ರಿ, ಅಂಗಡಿ ಮುಂದ ಬಿಸಿಲಾಗ ನಿಂತ್ರ ಬ್ಯಾರೆನೇ ಕಾಣ್ತದ." ಅವರು ಅಂದದ್ದು ಖರೆ. ಒಂದು ಬೆಳಕಿನಲ್ಲಿ ಹೊಂದಿದ ಬಣ್ಣ ಇನ್ನೊಂದರಲ್ಲಿ ಹೊಂದದಿರುವುದಕ್ಕೆ ಮೆಟಮೆರಿಸಂ ಅಂತಾರೆ. ಅದನ್ನು ಅವರಿಗೆ ಹೇಳಿ ಏನು ಪ್ರಯೋಜನ?

ಈಗ ಕುರ್ಚಿಯ ದೊಡ್ಡ ಲೈಟು ಆರಿಸುತ್ತೇನೆ, ಪರದೆ ಎಳೆಯುತ್ತೇನೆ, ಲಿಪ್‌ಸ್ಟಿಕ್ ಇದ್ದರೆ ಒರೆಸಿಸುತ್ತೇನೆ. ಹಲ್ಲು ಕೊರೆಯುವ ಮೊದಲೇ ಫೋಟೊ. ಬಾಯಿ ತೆರೆದು ಕೆಲವು ನಿಮಿಷ ಕೂತರೆ ಹಲ್ಲು ಒಣಗಿ ಬಿಳಿಚಿಕೊಳ್ಳುತ್ತದೆ. ವೀಟಾ ಶೇಡ್ ಗೈಡ್ ಅಂದರೆ ಹಲ್ಲಿನ ಬಣ್ಣದ ಮಾದರಿಗಳ ಸೆಟ್; ಅದರ 16ರಲ್ಲಿ ಹತ್ತಿರದ ಎರಡನ್ನು ಆರಿಸಿ ಹಲ್ಲಿನ ಸಾಲಿಗೇ ಹಿಡಿಯಬೇಕು, ತುಸು ಮುಂದೆ ಬಂದರೂ ಹೆಚ್ಚು ಬೆಳ್ಳಗೆ ಕಾಣುತ್ತದೆ. ಆಮೇಲೆ ಪೋಲರೈಸಿಂಗ್ ಫಿಲ್ಟರು, ಲೈಟಿಗೊಂದು, ಲೆನ್ಸಿಗೊಂದು. ಹಾಕಿದ ಕೂಡಲೇ ಎನಾಮಲ್ಲಿನ ಮಿಂಚು ಹೋಗಿ ಒಳಗಿನ ಹಳದಿ ತೆರೆದುಕೊಳ್ಳುತ್ತದೆ. ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಬರುವ ಬಿಳಿ, ಕಂದು ಕಲೆಗಳನ್ನು ಅಷ್ಟು ಸ್ಪಷ್ಟವಾಗಿ ಫೋಟೊದಲ್ಲಿ ನಾನು ನೋಡಿದ್ದು ಆಗಲೇ. ಮೇಲ್ಮೈ ಗೊತ್ತಾಗಲೆಂದು ಫಿಲ್ಟರ್ ಇಲ್ಲದ್ದೂ ಒಂದು ಕಳಿಸುತ್ತೇನೆ.

ಇನ್ನು ಆ ನಾಬ್, ಬೆಳಕಿನ ಬಣ್ಣ ಬದಲಿಸುವ ಗುಂಡಿ. ಅಂಕಿ ಇಳಿದಷ್ಟೂ ಬೆಳಕು ಹಳದಿ. 3200ರಿಂದ 5600 ಕೆಲ್ವಿನ್‌ವರೆಗೆ ತಿರುಗುತ್ತದೆ, ಲಾಕೂ ಇಲ್ಲ, ಟಿಕ್ ಅನ್ನುವ ಸದ್ದೂ ಇಲ್ಲ. ಹೋದ ವರ್ಷ ನಮ್ಮ ಸಿಸ್ಟರ್ ಸ್ಪಿರಿಟ್ಟಿನಿಂದ ಒರೆಸುವಾಗ ಅದು 4000ಕ್ಕೆ ಜಾರಿದೆ. ಬೆಳಕಿಗೆ ತಕ್ಕಂತೆ ಫೋಟೊದ ಬಣ್ಣ ಸರಿಪಡಿಸುವ ಮೊಬೈಲಿನ ವೈಟ್ ಬ್ಯಾಲೆನ್ಸ್ ಮಾತ್ರ ಎಂದಿನಂತೆ 5600ಕ್ಕೇ ಲಾಕ್. ಗಡಿಬಿಡಿಯಲ್ಲಿ ನಾನು ಶೇಡ್ ಗೈಡೂ ಹಿಡಿಯಲಿಲ್ಲ, ಫೋಟೊದ ಬಣ್ಣ ತಾಳೆ ನೋಡುವ ಗ್ರೇ ಕಾರ್ಡೂ ಇಡಲಿಲ್ಲ. ಹಳದಿ ಫೋಟೊ ಹೋಯಿತು. ಎ2 ಶೇಡ್ ಬೇಕಿದ್ದ ಹಲ್ಲಿಗೆ ಅದಕ್ಕಿಂತ ಗಾಢವಾದ ಎ3.5 ಕ್ಯಾಪು ಬಂತು. ಮರು ಮಾಡಿಸಿದ ಖರ್ಚು ನನ್ನದೇ. ಕಂಪನಿಗೆ ಫೋನ್ ಹಚ್ಚಿದರೆ, "ಡಿಸ್ಪ್ಲೇ ಮೇಲೆ ನಂಬರ್ ಬರ್ತದಲ್ಲ ಸರ್" ಅಂದರು.

ಹೌದು, ಬರ್ತದೆ, ನೋಡಬೇಕಿತ್ತು. ಈಗ ನಾಬ್ ಮೇಲೆ ಮೈಕ್ರೊಪೋರ್ ಟೇಪು ಸುತ್ತಿದೆ. ಪ್ರತಿ ಸೋಮವಾರ ಸಿಸ್ಟರೇ ಅದನ್ನು ಬದಲಿಸಿ, ಪೆನ್ನಿನಲ್ಲಿ 5600 ಅಂತ ಬರೀತಾರೆ. ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತಿದ್ದೆ, ಮೂರೇ ಕೊಟ್ಟಿದ್ದೇನೆ. ಕರೆಂಟ್ ಹೋದಾಗಲೂ ಬ್ಯಾಟರಿ ಮೇಲೆ ನಡೆಯುತ್ತದೆ ಅಂತ ಅರ್ಧ ಸೇರಿಸಬಹುದು. ಈ ದುಡ್ಡಿಗೆ ಬೇರೇನು ಸಿಗುತ್ತದೆ ಅಂತ ಹುಡುಕಿದ್ದೆ, ಸಿಗಲಿಲ್ಲ.