ಪಿಒಡಿ ಕಳಿಸಲು ನಾನು ಲಾರಿ ನಿಲ್ಲಿಸುವ ಜೆರಾಕ್ಸ್ ಅಂಗಡಿ

ಹಿರಿಯೂರು ದಾಟಿ ಚಿತ್ರದುರ್ಗದ ಕಡೆಗೆ ಬರುವಾಗ ಎಡಗಡೆಯ ಸರ್ವಿಸ್ ರಸ್ತೆಯಲ್ಲಿ ಒಂದು ಪಂಕ್ಚರ್ ಅಂಗಡಿ, ಅದರ ಪಕ್ಕದಲ್ಲಿ ಎಳನೀರಿನ ರಾಶಿ, ಅದಕ್ಕೆ ಅಂಟಿಕೊಂಡಂತೆ ಒಂದು ಜೆರಾಕ್ಸ್ ಅಂಗಡಿ ಇದೆ. ಬೋರ್ಡು ಇಲ್ಲ. ‘ಜೆರಾಕ್ಸ್, ಸ್ಕ್ಯಾನ್, ಕೊರಿಯರ್’ ಎಂದು ಶಟರ್ ಮೇಲೆಯೇ ಬಣ್ಣದಲ್ಲಿ ಬರೆಸಿದ್ದಾರೆ. ಶಟರ್ ಎತ್ತಿದರೆ ಅಕ್ಷರಗಳೂ ಸುರುಳಿ ಸುತ್ತಿಕೊಂಡು ಮೇಲೆ ಹೋಗುತ್ತವೆ. ಹಾಗಾಗಿ ಅಲ್ಲಿ ಏನು ಸಿಗುತ್ತದೆ ಎಂದು ತಿಳಿಯುವುದು ಅಂಗಡಿ ಮುಚ್ಚಿದಾಗ ಮಾತ್ರ. ಎರಡು ವರ್ಷ ನಾನು ಅದರ ಮುಂದೆಯೇ ಓಡಾಡಿದ್ದೇನೆ, ಗೊತ್ತೇ ಆಗಿರಲಿಲ್ಲ.

ನಾನು ರಾಣೆಬೆನ್ನೂರಿನವನು. ಹತ್ತು ಚಕ್ರದ ಲಾರಿ, ಸ್ವಂತದ್ದು, ಅಂದರೆ ಇನ್ನೂ ಹದಿನಾಲ್ಕು ಕಂತು ಬಾಕಿ ಇರುವಷ್ಟು ಸ್ವಂತದ್ದು. ಹೋಗುವಾಗ ನಾಮಕ್ಕಲ್ಲಿನ ಕೋಳಿ ಆಹಾರದ ಕಾರ್ಖಾನೆಗೆ ಮೆಕ್ಕೆಜೋಳ, ಬರುವಾಗ ಸೇಲಂನಿಂದ ಹುಬ್ಬಳ್ಳಿಗೆ ಸಾಬಕ್ಕಿ. ಜೋಳದ ಬಾಡಿಗೆ 36,000 ಎಂದು ಮಾತಾದರೆ 32,000 ಅಡ್ವಾನ್ಸ್ ಕೈಗೆ ಬರುತ್ತದೆ, ಡೀಸೆಲ್ಲಿಗೂ ಟೋಲಿಗೂ ಕರಗುತ್ತದೆ. ಮಿಕ್ಕ 4,000 ಬ್ಯಾಲೆನ್ಸ್ ಪಿಒಡಿ ಮುಟ್ಟಿದ ಮೇಲೆ. ಮಾಲು ಇಳಿಸಿಕೊಂಡವರು ಎಲ್‌ಆರ್ (ಮಾಲಿನ ಲಾರಿ ರಸೀದಿ) ಹಿಂಬದಿಯಲ್ಲಿ ಸಹಿ, ದಿನಾಂಕ, ದುಂಡು ಸೀಲು ಹಾಕಿ ಕೊಡುವ ಪ್ರತಿಯೇ ಪಿಒಡಿ. ಜೊತೆಗೆ ಲಾರಿ ತೂಗಿ ಕೊಡುವ ಕಾರ್ಖಾನೆಯ ವೇಬ್ರಿಜ್ ಚೀಟಿ. ನಾನು ಊರು ಸೇರುವ ತನಕ ಕಾಯುತ್ತಾ ಕೂತರೆ ಬ್ಯಾಲೆನ್ಸ್ ಇನ್ನೊಂದು ವಾರ ಹಿಂದೆ ಬೀಳುತ್ತದೆ. ಅದಕ್ಕೇ ಎಲ್ಲ ಡ್ರೈವರುಗಳೂ ದಾರಿಯಿಂದಲೇ ಕಳಿಸಲು ನೋಡುವುದು.

ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ನಾನೂ ಹಾಗೇ ಎನ್ನುತ್ತಿದ್ದೆ. ಮೊದಲು ನಮ್ಮವರೆಲ್ಲರ ಫೋನಿನಲ್ಲೂ ಕ್ಯಾಮ್‌ಸ್ಕ್ಯಾನರ್ ಇತ್ತು. 2020ರ ಜೂನ್‌ನಲ್ಲಿ ಸರ್ಕಾರ 59 ಚೀನಾ ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ಆಮೇಲೆ ಮಗಳು ಇನ್ನೊಂದು ಆ್ಯಪ್ ಹಾಕಿಕೊಟ್ಟಳು. ಅದಕ್ಕೆ ಕಾಗದವನ್ನು ಬೆಳ್ಳಗೆ ಮಾಡುವ ಹುಚ್ಚು. ಎಲ್‌ಆರ್ ಎಂದರೆ ಕಾರ್ಬನ್ ಪ್ರತಿ, ಮೂರನೆಯದೋ ನಾಲ್ಕನೆಯದೋ. ಅಕ್ಷರವೇ ಅರೆಜೀವ, ಸೀಲು ತಿಳಿ ನೇರಳೆ. ಆ್ಯಪ್ ಎರಡನ್ನೂ ಕೊಳೆ ಎಂದು ತಿಳಿದು ಒರೆಸಿಹಾಕುತ್ತದೆ. ಬೆಳ್ಳಗೆ ತೊಳೆದಿಟ್ಟ ಹಾಗಿದ್ದ ಹಾಳೆಯನ್ನು ನೋಡಿ ಟ್ರಾನ್ಸ್‌ಪೋರ್ಟ್ ಆಫೀಸಿನವರು, “ಇದರಲ್ಲಿ ಸೀಲೇ ಇಲ್ಲವಲ್ಲ ಯಜಮಾನರೇ” ಎಂದರು. ಸೀಲು ನನ್ನ ಕೈಯಲ್ಲಿಯೇ ಇತ್ತು, ಆದರೆ ನಾನು ಅವರಿಂದ ಮುನ್ನೂರು ಕಿಲೋಮೀಟರ್ ದೂರದಲ್ಲಿದ್ದೆ.

ಈ ಅಂಗಡಿಗೆ ಮೊದಲ ಸಲ ಕಾಲಿಟ್ಟಿದ್ದು ಕಳೆದ ಮಳೆಗಾಲದಲ್ಲಿ. ಕ್ಯಾಬಿನ್ ಸೋರಿ ಕಾಗದದ ಕವರಿನೊಳಗೆ ನೀರು ನಿಂತಿತ್ತು. ಅಂಗಡಿಯ ಹೆಣ್ಣುಮಗಳಿಗೆ ಮೂವತ್ತರ ಆಸುಪಾಸು. ಎಲ್‌ಆರ್ ಅನ್ನು ಹಳೆಯ ಪಂಚೆಯ ತುಂಡಿನ ನಡುವೆ ಇಟ್ಟು, ಮೇಜಿನ ಕೆಳಗಿನಿಂದ ಇಸ್ತ್ರಿಪೆಟ್ಟಿಗೆ ತೆಗೆದು, ಬಿಸಿ ಎಷ್ಟಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿ, ಎಳೆಯದೆ ಬರೀ ಒತ್ತಿ ಒತ್ತಿ ಎತ್ತಿದರು. ಎಳೆದರೆ ಸೀಲಿನ ಶಾಯಿ ಹರಡುತ್ತದಂತೆ. ಅದು ಆದ ಮೇಲೆ ನಾನೇ ಹುಮ್ಮಸ್ಸಿನಲ್ಲಿ ವೇಬ್ರಿಜ್ ಚೀಟಿಯನ್ನೂ ಮುಂದಿಟ್ಟೆ. “ಅಯ್ಯೋ, ಅದಕ್ಕೆ ಬಿಸಿ ತಾಗಿಸಬಾರದು ಅಣ್ಣ, ಪೂರ್ತಿ ಕಪ್ಪಾಗಿಬಿಡುತ್ತದೆ” ಎಂದು ಕಿತ್ತುಕೊಂಡರು. ನಯವಾದ ಆ ಚೀಟಿಯ ಮೇಲೆ ಅಕ್ಷರ ಮೂಡುವುದೇ ಬಿಸಿಯಿಂದ. ಬಿಸಿಲಿಗೆ ಡ್ಯಾಶ್‌ಬೋರ್ಡ್ ಮೇಲಿಟ್ಟರೂ ಕೆಡುತ್ತದೆ. ಇಪ್ಪತ್ತೆರಡು ವರ್ಷದಿಂದ ಸ್ಟಿಯರಿಂಗ್ ಹಿಡಿದಿದ್ದೇನೆ, ಚೀಟಿಗಳನ್ನು ಇಟ್ಟುಕೊಂಡಿದ್ದೆಲ್ಲ ಡ್ಯಾಶ್‌ಬೋರ್ಡ್ ಮೇಲೆಯೇ.

ಸ್ಕ್ಯಾನ್ ಅನ್ನು ಅವರು ಬಣ್ಣದಲ್ಲಿಯೇ ಮಾಡುತ್ತಾರೆ, ಹಿಂದೆ ಮುಂದೆ ಎರಡೂ ಬದಿ. ಕಡತಕ್ಕೆ ಲಾರಿ ನಂಬರನ್ನೂ ಎಲ್‌ಆರ್ ನಂಬರನ್ನೂ ಹೆಸರಾಗಿ ಕೊಟ್ಟು ಆಫೀಸಿನ ಮೇಲ್‌ಗೆ ಕಳಿಸುತ್ತಾರೆ. ಅಸಲು ಪ್ರತಿ ಅಂದೇ ಕೊರಿಯರ್‌ಗೆ. ಇಷ್ಟನ್ನು ಬೇರೆಯವರೂ ಮಾಡಬಹುದು. ನಾನು ಇಲ್ಲಿಗೇ ಬರುವುದು ಇವರು ಕಾಗದವನ್ನು ಓದುತ್ತಾರೆ ಎಂಬ ಕಾರಣಕ್ಕೆ.

ಯುಗಾದಿ ಕಳೆದ ಮೇಲಿನ ಒಂದು ಟ್ರಿಪ್‌ನಲ್ಲಿ ತೂಕ 60 ಕೆ.ಜಿ. ಕಡಿಮೆ ಬಂದಿತ್ತು. ದಾರಿಯಲ್ಲಿ ಜೋಳ ಒಣಗುತ್ತದೆ, ಅಷ್ಟನ್ನು ಯಾರೂ ಕೇಳುವುದಿಲ್ಲ. ಸ್ಕ್ಯಾನರ್ ಮೇಲೆ ಹಾಳೆ ಇಟ್ಟವರು ಮುಚ್ಚಳ ಹಾಕದೆ ನಿಂತರು. “ಅಣ್ಣ, ಚೀಟಿಯ ಪ್ರಕಾರ ಅರವತ್ತು. ಎಲ್‌ಆರ್ ಹಿಂದೆ ನೂರ ಅರವತ್ತು ಎಂದು ಬರೆದಿದ್ದಾರೆ, ನೋಡಿದಿರಾ?” ನೋಡಿರಲಿಲ್ಲ. ತಮಿಳಿನಲ್ಲಿ ಗೀಚಿದ್ದ ಸಾಲಿನ ನಡುವೆ ಅಂಕಿ ಮಾತ್ರ ಸ್ಪಷ್ಟವಾಗಿತ್ತು: 160. ಕಡಿಮೆ ಬಂದ ಜೋಳಕ್ಕೆ ಕೆ.ಜಿ.ಗೆ 22 ರೂಪಾಯಿಯಂತೆ ನನ್ನ ಬಾಡಿಗೆಯಲ್ಲಿ ಹಿಡಿದುಕೊಂಡರೆ 3,520. ನನ್ನ ಬ್ಯಾಲೆನ್ಸ್ ಅಲ್ಲಿಗೆ ಮುಗಿದ ಹಾಗೆಯೇ. ಕಾರ್ಖಾನೆಯ ಗೇಟಿಗೆ ಅಲ್ಲಿಂದಲೇ ಫೋನ್ ಮಾಡಿ ನನ್ನ ಮುರುಕು ತಮಿಳಿನಲ್ಲಿ ಅರ್ಧ ಗಂಟೆ ಗೋಗರೆದೆ. ಕೊನೆಗೆ ಅವರು ಲೆಟರ್‌ಹೆಡ್‌ನಲ್ಲಿ ತಿದ್ದುಪಡಿ ಬರೆದು, ಸೀಲು ಒತ್ತಿ ವಾಟ್ಸ್‌ಆ್ಯಪ್ ಮಾಡಿದರು. ಈಕೆ ಅದನ್ನು ಪ್ರಿಂಟ್ ತೆಗೆದು ಪಿಒಡಿಗೆ ಪಿನ್ ಹೊಡೆದರು. ಪ್ರಿಂಟಿಗೆ ಐದು ರೂಪಾಯಿ ಮಾತ್ರ ತೆಗೆದುಕೊಂಡರು. ಓದಿದ್ದಕ್ಕೆ ದರ ಇಲ್ಲವಂತೆ.

ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಜಿಎಸ್‌ಟಿಯಲ್ಲಿ ಆನ್‌ಲೈನ್ ಮಾಡಿಸುವ ಬಿಲ್, ಅದರ ವಿಷಯದಲ್ಲೂ ಇದೇ ಕಣ್ಣು. ಸಾಬಕ್ಕಿಗೆ ಆ ಬಿಲ್ ಬೇಕು. ಕಾಗದವೇ ಆಗಬೇಕೆಂದಿಲ್ಲ, ನಂಬರ್ ತೋರಿಸಿದರೂ ಸಾಕು. ಆದರೆ ನನ್ನ ಫೋನಿನ ಗಾಜು ಒಡೆದು ಜೇಡರಬಲೆಯಾಗಿದೆ, ಅದಕ್ಕೇ ಒಂದು ಪ್ರಿಂಟ್ ಇಟ್ಟುಕೊಳ್ಳುತ್ತೇನೆ. 2021ರಿಂದ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ದಾರಿಯಲ್ಲಿ ಗೇರ್‌ಬಾಕ್ಸ್ ಬಿಚ್ಚಿಸಿಕೊಂಡು ಕೂತರೆ ಲೆಕ್ಕವೆಲ್ಲ ತಲೆಕೆಳಗು. ಒಮ್ಮೆ ಪ್ರಿಂಟ್ ಕೈಗೆ ಕೊಡುತ್ತಾ, “ಇದು ಇವತ್ತು ರಾತ್ರಿ ಹನ್ನೆರಡಕ್ಕೆ ಮುಗಿಯುತ್ತದೆ, ಆಫೀಸಿನವರಿಗೆ ಹೇಳಿ ಮುಂದೂಡಿಸಿ” ಎಂದರು. ಅವಧಿ ಮುಗಿಯುವ ಎಂಟು ಗಂಟೆ ಮೊದಲು ಅಥವಾ ನಂತರದ ಎಂಟು ಗಂಟೆಯೊಳಗೆ ಮಾತ್ರ ಅದಕ್ಕೆ ಅವಕಾಶ. ಗಡಿಯಾರದಲ್ಲಿ ಆಗ ಸಂಜೆ ಆರು.

ಇನ್ನು ಬೈಯುವ ಮಾತು. ಆ ಕಂಪ್ಯೂಟರಿನ ಪರದೆ ನೋಡಿದರೆ ಹೊಟ್ಟೆ ತೊಳಸುತ್ತದೆ. ಯಾರ್ಯಾರದೋ ಆರ್‌ಸಿ, ಲೈಸೆನ್ಸ್, ಆಧಾರ್ ಎಲ್ಲವೂ ಅಲ್ಲಿಯೇ ಹರಡಿಕೊಂಡಿರುತ್ತವೆ. ಮೂರು ತಿಂಗಳ ಹಿಂದೆ ಕೊಟ್ಟಿದ್ದ ನನ್ನ ಆಧಾರ್ ಪ್ರತಿ ಮೊನ್ನೆಯೂ ಮೂಲೆಯಲ್ಲಿ ಕಂಡಿತು. ಕೇಳಿದರೆ ತಕ್ಷಣ ಅಳಿಸಿದರು, ಮುಖವೂ ಚಿಕ್ಕದಾಯಿತು. ಆದರೆ ಕೇಳದವರದ್ದು? ಇಷ್ಟು ಜಾಗ್ರತೆಯಿಂದ ಕಾಗದ ಓದುವವರು ಇದರಲ್ಲಿ ಮಾತ್ರ ಯಾಕೆ ಹೀಗೆ ಎಂದು ನನಗೆ ಅರ್ಥವಾಗಿಲ್ಲ. ನೀವು ಹೋದರೆ ಕೆಲಸ ಮುಗಿದ ಮೇಲೆ ಎದುರಿಗೇ ಅಳಿಸಿಸಿ. ಕಸದಬುಟ್ಟಿಯಿಂದಲೂ.

ಲಾರಿ ನಿಲ್ಲಿಸಲು ಅಂಗಡಿಯ ಮುಂದೆ ಜಾಗವಿಲ್ಲ. ಸ್ವಲ್ಪ ಮುಂದೆ ಬಂಕ್ ಇದೆ, ಅಲ್ಲಿ ಹಾಕಿ ನಡೆದು ಬರಬೇಕು. ಕರೆಂಟ್ ಹೋದರೆ ಕಂಪ್ಯೂಟರ್ ಯುಪಿಎಸ್‌ನಲ್ಲಿ ಉಸಿರಾಡುತ್ತದೆ, ಪ್ರಿಂಟರ್ ಸತ್ತಿರುತ್ತದೆ. ಫೋನ್ ಚಾರ್ಜಿಗೆ ಒಂದೇ ಒಂದು ಪ್ಲಗ್, ಅದರಲ್ಲಿ ಯಾವಾಗಲೂ ಎಳನೀರಿನವನ ಫೋನು. ಜೆರಾಕ್ಸ್ ಮೂರು ರೂಪಾಯಿ, ಸ್ಕ್ಯಾನ್ ಮಾಡಿ ಮೇಲ್ ಕಳಿಸಲು ಪುಟಕ್ಕೆ ಹತ್ತು, ಕೊರಿಯರ್ ಅರವತ್ತು. ಸ್ಕ್ಯಾನ್ ದರ ಊರಿಗಿಂತ ದುಬಾರಿ, ಕೊಡುತ್ತೇನೆ.

ಪಿಒಡಿ ಇರುವವರು ಮಧ್ಯಾಹ್ನ ಮೂರೂವರೆಯೊಳಗೆ ಬನ್ನಿ. ಕೊರಿಯರ್ ಹುಡುಗ ನಾಲ್ಕಕ್ಕೆ ಬರುತ್ತಾನೆ, ಐದು ನಿಮಿಷವೂ ಕಾಯುವುದಿಲ್ಲ. ರಾತ್ರಿ ಒಂಬತ್ತರ ಮೇಲೆ ಅಂಗಡಿ ಇಲ್ಲ, ಭಾನುವಾರವೂ ಇಲ್ಲ. ‘ಜೆರಾಕ್ಸ್, ಸ್ಕ್ಯಾನ್, ಕೊರಿಯರ್’ ಎಂಬ ಅಕ್ಷರ ದೂರದಿಂದ ಚೆನ್ನಾಗಿ ಕಂಡರೆ ನಿಲ್ಲಿಸಬೇಡಿ, ಮುಂದೆ ಹೋಗಿ.