ಮದ್ದು ಪಾಯಸದ ತಲೆಗೆ ಕಟ್ಟಿದ ತಪ್ಪು

ನಾಚಿಕೆ ಬಿಟ್ಟು ಬರೀತಿದ್ದೇನೆ. ಮನೆಯಲ್ಲಿ ವಯಸ್ಸಾದವರಿದ್ದರೆ ಓದಿ.

ಕೊಡವರ ಕಕ್ಕಡ ತಿಂಗಳ 18ಕ್ಕೆ, ಅಂದರೆ ಆಗಸ್ಟ್ 3ಕ್ಕೆ, ಮದ್ದು ಸೊಪ್ಪಿನ ಪಾಯಸ ತಿಂದರೆ ಮೂತ್ರ ಕೆಂಪಗೆ ಹೋಗುತ್ತದೆ. ಕೊಡಗಿನ ಮಕ್ಕಳಿಗೂ ಅದು ನಗುವ ವಿಷಯ. ನಮ್ಮನ್ನು ಕೆಡಿಸಿದ್ದೂ ಆ ಸಲಿಗೆಯೇ. 5ನೇ ತಾರೀಖು ಅಮ್ಮ, "ಕಕ್ಕಸು ಕಪ್ಪಗೆ ಹೋಗ್ತಾ ಉಂಟು" ಅಂದರೆ, "ಎರಡು ಬಟ್ಟಲು ಪಾಯಸ ಹೊಡೆದೆಯಲ್ಲ" ಅಂತ ತಮಾಷೆ ಮಾಡಿದವನು ನಾನೇ. ಪೇಟೆಯ ಔಷಧಿ ಅಂಗಡಿಯವರು ಗ್ಯಾಸ್ ಅಂತ ಸಿರಪ್ ಕೊಟ್ಟರು. ಕಾಫಿ ಕೊಯ್ಲಿನ ಕಾಲದಿಂದ ಅಮ್ಮನ ಮಂಡಿನೋವಿಗೆ ಚೀಟಿ ಕೇಳದೆ ಡೈಕ್ಲೊಫೆನಾಕ್ ಅನ್ನುವ ನೋವಿನ ಮಾತ್ರೆ ಕೊಡುತ್ತಿದ್ದವರೂ ಅವರೇ. ಅಮ್ಮ ಅದನ್ನು ಬೆಳಿಗ್ಗೆ ಬರೀ ಹೊಟ್ಟೆಗೆ, ಕಪ್ಪು ಕಾಫಿ ಜೊತೆ ನುಂಗುತ್ತಿದ್ದಳು.

ಮೂರನೇ ದಿನ ಬಚ್ಚಲಿಂದ ಬರುವಾಗ ಗೋಡೆ ಹಿಡಿದು ಕುಸಿದಳು. ನೀರು ಹಾಕಲು ಹೋದ ನಾನು ಆಗ ನೋಡಿದ್ದು: ಡಾಂಬರಿನ ಹಾಗೆ ಮಿರಮಿರ ಹೊಳೆಯುವ, ಎರಡು ಬಕೆಟ್ ಸುರಿದರೂ ಬಿಡದ ಅಂಟು. ಆ ನಾತ ಇನ್ನೂ ಮೂಗಲ್ಲಿದೆ. ಮಳೆಯಲ್ಲೇ ಮಡಿಕೇರಿಗೆ ಓಡಿದೆವು. ಹಿಮೋಗ್ಲೋಬಿನ್ 6.4, ಇರಬೇಕಾದ್ದರ ಸುಮಾರು ಅರ್ಧ. ಎರಡು ಬಾಟಲಿ ರಕ್ತ ಹಾಕಿಸಿ ಎಂಡೋಸ್ಕೋಪಿ ಮಾಡಿದಾಗ ಹೊಟ್ಟೆಯಲ್ಲಿ ಹುಣ್ಣು ಕಂಡಿತು.

ನೋವಿನ ಮಾತ್ರೆ ಜಠರದ ಒಳಪದರದ ರಕ್ಷಣೆಯನ್ನೇ ಕಿತ್ತುಹಾಕುತ್ತದಂತೆ. ಹುಣ್ಣಿನಿಂದ ಒಸರಿದ ರಕ್ತ ಕರುಳಲ್ಲಿ ಇಳಿಯುತ್ತಾ ಜೀರ್ಣವಾಗಿ ಕಪ್ಪಾಗುತ್ತದೆ. ಕೆಂಪು ಕಾಣಲಿಲ್ಲ ಅಂತ ರಕ್ತವಲ್ಲ ಅಂದುಕೊಂಡದ್ದು ನಮ್ಮ ದಡ್ಡತನ. ಐರನ್ ಮಾತ್ರೆಗೂ ಕಕ್ಕಸು ಕಪ್ಪಾಗುತ್ತದೆ, ಆದರೆ ಸಾಮಾನ್ಯವಾಗಿ ಈ ಅಂಟು, ಈ ನಾತ ಇರುವುದಿಲ್ಲ. ಬೀಟ್‌ರೂಟ್ ತಿಂದರೆ ಕೆಂಪು, ಸೊಪ್ಪು ಜಾಸ್ತಿಯಾದರೆ ಹಸಿರು, ಅದಕ್ಕೆಲ್ಲ ಗಾಬರಿ ಬೇಡ. ಬೀಟ್‌ರೂಟ್ ಮುಟ್ಟದೆಯೂ ಕೆಂಪು ಕಂಡರೆ ಮೂಲವ್ಯಾಧಿ ಅಂತ ನೀವೇ ತೀರ್ಪು ಕೊಡಬೇಡಿ, ತೋರಿಸಿ. ಜೇಡಿಮಣ್ಣಿನ ಹಾಗೆ ಬಿಳಚಿಕೊಂಡು, ಮೂತ್ರ ಕಡು ಬಣ್ಣಕ್ಕೆ ತಿರುಗಿ, ಕಣ್ಣು ಹಳದಿಯಾದರೆ ಪಿತ್ತದ ನಾಳ ಕಟ್ಟಿರಬಹುದು, ಅದೂ ಕಾಯುವಂಥದ್ದಲ್ಲ. ಡಾಂಬರು ಕಂಡರಂತೂ ಅದೇ ದಿನ ಆಸ್ಪತ್ರೆಗೆ ಹೊರಡಿ.

ಅಮ್ಮ ಈಗ ಹುಷಾರು. ಮೊನ್ನೆ ಅದೇ ಅಂಗಡಿಗೆ ಬ್ಯಾಂಡೇಜ್ ತರಲು ಹೋದರೆ, "ಅಮ್ಮನ ಮಾತ್ರೆ ಖಾಲಿಯಾಗಿರಬೇಕಲ್ಲ" ಅಂತ ಒಂದು ಸ್ಟ್ರಿಪ್ ತೆಗೆದಿಟ್ಟರು.